ತೌನೊನ ಎದೆಯ ದಿನಚರಿ

ಕೆಮಿ ಊರಿನ ಆಸ್ಪತ್ರೆ. ಡಿಸೆಂಬರ್ ಕೊನೆ.
ಹನ್ನೊಂದಕ್ಕೆ ಎದ್ದು ಎರಡಕ್ಕೆ ಮಲಗುವ ಸೂರ್ಯ
ಮುಖ ಕೂಡ ತೊಳೆಯದೆ ಬಂದು, ಹಾಗೇ ಹೋಗುತ್ತಾನೆ.
ದೀಪದ ಕೆಳಗೆ ಕೂತು ಕಂಡವರ ಎದೆ ಓದುವುದು
ನನ್ನ ಕೆಲಸ.

ಇವತ್ತಿನದು ತೌನೊ ಕೆಸ್ಕಿತಾಲೊನ ಎದೆ,
ಹಿಮ ಒಡೆಯುವ ಹಡಗಿನ ಎಂಜಿನ್ ಮೇಸ್ತ್ರಿ, ವಯಸ್ಸು ಅರವತ್ತೊಂದು.
ಒಂದು ಹಗಲು ಒಂದು ರಾತ್ರಿ
ಪುಟ್ಟ ಪೆಟ್ಟಿಗೆಯೊಂದನ್ನು ಕೊರಳಿಗೆ ಕಟ್ಟಿಕೊಂಡು ತಿರುಗಿ
ತೊಂಬತ್ತು ಸಾವಿರ ಚಿಲ್ಲರೆ ಬಡಿತ ತಂದುಕೊಟ್ಟಿದ್ದಾನೆ.
ಜೊತೆಗೆ, ಎಣ್ಣೆ ಬೆರಳಚ್ಚಿನ ಒಂದು ಹಾಳೆ:

೫.೧೦. ಕಾಫಿ.
೬.೦೦. ಕಾಫಿ.
೭.೪೫. ಕಾಫಿ. ಅದರಲ್ಲಿ ಅದ್ದಿ ಸುಟ್ಟ ಗಿಣ್ಣಿನ ಎರಡು ತುಂಡು.
೮.೨೦. ನಿದ್ದೆ. ಎಂಜಿನ್ ಪಕ್ಕದಲ್ಲೇ.

ನಿದ್ದೆ?

ನಾನು ಕಲಿತದ್ದು ಬೇರೆ.
ನರಗಳ ಮನೆಗೆ ದಿನವಿಡೀ ಸ್ವಲ್ಪಸ್ವಲ್ಪವಾಗಿ ಬರುತ್ತಾಳೆ
ಅಡೆನೊಸಿನ್ ಎಂಬ ಮುದುಕಿ;
ತನ್ನ ಕುರ್ಚಿಯಲ್ಲಿ ಕೂತು, ದೀಪದ ಬತ್ತಿ ಇಳಿಸಿ
ಸಾಕು ಮಲಗಿ ಅನ್ನುತ್ತಾಳೆ.
ಕಾಫಿ ಬಂದದ್ದೇ ಆ ಕುರ್ಚಿ ಹಿಡಿದುಬಿಡುತ್ತದೆ.
ಮುದುಕಿ ಹೊಸ್ತಿಲಲ್ಲಿ ನಿಂತೇ ಇರುತ್ತಾಳೆ, ಕೋಲೂರಿ,
ಒಳಗೆ ಗದ್ದಲವೋ ಗದ್ದಲ.

ಇವನ ಮನೆಯಲ್ಲಿ ಹಾಗಿಲ್ಲ.
ಮೊದಲ ಲೋಟಕ್ಕೆ ಎಪ್ಪತ್ತೆಂಟಿದ್ದ ಎದೆ ಅರವತ್ತಾರು.
ಎರಡನೆಯದಕ್ಕೆ ಐವತ್ತೊಂಬತ್ತು.
ಮೂರಕ್ಕೆ, ಗಿಣ್ಣಿನ ಜೊತೆ, ಐವತ್ತೆರಡು.
ಬೆಟ್ಟ ಇಳಿಯುವ ಮುದಿ ಕುದುರೆ
ಒಂದೊಂದೇ ಗೊರಸು ಊರಿ ನೋಡುವ ಹಾಗೆ.

ಡಾಕ್ಟರ್ ಹಿಲ್ಲೇವಿಯನ್ನು ಕೇಳಿದೆ.
ಕೆಲವರಿಗೆ ಹೀಗೂ ಉಂಟು ಅಂದಳು,
ರಕ್ತದ ಒತ್ತಡ ಏರಿದ್ದು ನೋಡಿ ಕೊರಳಲ್ಲಿರುವ ಕಾವಲುಗಾರ
ಮೆಲ್ಲಗೆ, ಮೆಲ್ಲಗೆ ಅಂತ ಎದೆಗೆ ಹೇಳಿಕಳಿಸುತ್ತಾನೆ.
ಆಮೇಲೆ ಕಿಟಕಿ ಕಡೆ ತಿರುಗಿ:
ನಿದ್ದೆಯ ವಿಷಯ ನನಗೂ ಗೊತ್ತಿಲ್ಲ.

ಅಲ್ಲಲ್ಲಿ ಒಂದು ಬಡಿತವೇ ಇಲ್ಲ.
ಹೊಸ ಹಿಮದ ಮೇಲೆ ಕಾಲಿಟ್ಟವನು
ಬಿರುಕಿನ ಸದ್ದಿಗೆ ಕಿವಿಗೊಟ್ಟು ನಿಂತಷ್ಟು ಹೊತ್ತು ಖಾಲಿ;
ನಂತರ ಧೊಪ್ಪೆಂದು ಒಂದು ಹೆಜ್ಜೆ.
ಅಂಥವು ಹದಿನಾಲ್ಕು. ಎಣಿಸಿ ಗುರುತು ಹಾಕಿದೆ.
ಹೆದರುವಂಥದ್ದಲ್ಲ.

ಹೆದರಿದ್ದು ಬೇರೆ ಜಾಗದಲ್ಲಿ. ನಡುರಾತ್ರಿ ದಾಟಿ
ಲೋಟವಿಲ್ಲ, ಏಣಿ ಹತ್ತಿಲ್ಲ, ಜಗಳವಿಲ್ಲ,
ಎದೆ ಒಮ್ಮೆಗೇ ನೂರ ಇಪ್ಪತ್ತೆಂಟು!
ಗೆರೆಗಳು ಒಂದರ ಮೇಲೊಂದು ಬಿದ್ದು ಓಡುತ್ತಿವೆ.
ಹಾಳೆ ಹುಡುಕಿದೆ.

೩.೧೨. ಎಂಜಿನ್ ನಿಂತಿತು. ಸದ್ದೇ ಇಲ್ಲ. ಎಚ್ಚರವಾಯಿತು.
೩.೩೦. ಕಾಫಿ.

ಮತ್ತೆ ಐವತ್ತೈದು.

ತೀರ್ಮಾನ ಎಂಬ ಚೌಕದಲ್ಲಿ ಏನು ಬರೆಯಲಿ?
ಕಾಫಿ ಬಿಡಲಿ ಎಂದೇ? ಮೂವತ್ತೆಂಟು ಚಳಿಗಾಲ
ಕಬ್ಬಿಣದ ಅಬ್ಬರವನ್ನೇ ಹೊದ್ದು ಮಲಗಿದವನಿಗೆ
ಯಾವುದು ಎಚ್ಚರ, ಯಾವುದು ಜೋಗುಳ
ನಾನು ಯಾರು ಹೇಳಲಿಕ್ಕೆ.

ಅದೂ ನಾನು.
ಹತ್ತು ಗಂಟೆಯ ಲೋಟ ಮುಗಿಸಿದರೆ ಸಾಕು, ಬೆರಳು ನಡುಗಿ
ಇಲಿ ಹಿಡಿದ ಹಾಗೆ ಮೌಸ್ ಹಿಡಿದು ಕೂರುವವಳು.
ನಿನ್ನೆ ಬೀಡುವಿನ ಕೋಣೆಯಲ್ಲಿ ಐರಾ ನಗುತ್ತ ಹೇಳಿದಳು:
ಆ ಹಸಿರು ಡಬ್ಬಿಯಲ್ಲಿ ಸೆಪ್ಟೆಂಬರಿನಿಂದಲೂ
ಕೆಫೀನ್ ತೆಗೆದ ಪುಡಿಯೇ ಇರೋದು, ಗೊತ್ತಾಗಲಿಲ್ವಾ?

ಗೊತ್ತಾಗಲಿಲ್ಲ.
ಇವತ್ತು ಗೊತ್ತಿದ್ದೂ ಅದನ್ನೇ ಕುಡಿದೆ,
ಬಸಿಗೆ ಬಗ್ಗಿಸಿ, ಸಕ್ಕರೆ ತುಂಡು ಹಲ್ಲಿನಲ್ಲಿ ಕಚ್ಚಿ.
ಕೊರಳಿಗೆ ಎರಡು ಬೆರಳಿಟ್ಟು ಗಡಿಯಾರ ನೋಡಿದೆ:

ತೊಂಬತ್ತಾರು.