ನೀರು ಮಾತ್ರ

ಮೊದಲು ಸೇರುತ್ತಿದ್ದದ್ದು ಭಜನೆ ಮಂದಿರದ ಹಿಂದಿನ ಕೋಣೆಯಲ್ಲಿ.
ಬಾಡಿಗೆ ಇಲ್ಲ, ಫ್ಯಾನಿತ್ತು, ಚಾಪೆಯಿತ್ತು.
ಜಬೀವುಲ್ಲಾ ಹೊಸ್ತಿಲಿಗೆ ಆತು ಕೂರುತ್ತಿದ್ದ,
ಒಳಗೂ ಅಲ್ಲ, ಹೊರಗೂ ಅಲ್ಲ.
ಸಭೆ ಮುಗಿಯುವ ಹೊತ್ತಿಗೆ ಸರಿಯಾಗಿ
ಅರ್ಚಕರು ಬಾಗಿಲು ತಟ್ಟಿ
ತುಪ್ಪ ಸೋರುವ ಸಿಹಿ ಪೊಂಗಲು ಕೊಟ್ಟು ಹೋಗೋರು.
ಬೇಡ ಅಂದರೆ ದೇವರಿಗೇ ಬೇಡ ಅಂದ ಹಾಗೆ.
ಐದು ಜನ, ಐದು ದೊನ್ನೆ.
ಯಾರೂ ಯಾರ ಮುಖವನ್ನೂ ನೋಡದೆ ತಿಂದೆವು.
ಎಲೆಯನ್ನೂ ನೆಕ್ಕಿದೆವು.

ಹಾಗಾಗಿ ಈಗ ಇಲ್ಲಿ,
ಶಿಡ್ಲಘಟ್ಟದ ರೀಲಿಂಗ್ ಶೆಡ್ಡೊಂದರ ಮಹಡಿ.
ಹಗಲು ಟ್ಯುಟೋರಿಯಲ್ಲು, ಮಂಗಳವಾರ ಸಂಜೆ ನಮ್ಮದು.
ಗೋಡೆಗೆ ಯಾವ ಪಟವೂ ಇಲ್ಲ, ಕರಿಹಲಗೆ ಒಂದೇ.
ಅದರ ಮೇಲೆ ಯಾರೋ ಅಳಿಸದೆ ಬಿಟ್ಟ ಭಾಗಾಕಾರ,
ಶೇಷ ಮೂರು.
ಕೆಳಗಿನಿಂದ ಬೆಂದ ಗೂಡಿನ ವಾಸನೆ.
ಇದರಲ್ಲಿ ಯಾರಿಗೂ ಹಸಿವಾಗಲ್ಲ ಬಿಡು, ಅಂದುಕೊಂಡಿದ್ದೆ.
ಹಸಿವೇ ಅಲ್ಲವಲ್ಲ ಅದು.

ಪ್ರಾರ್ಥನೆ ಇಲ್ಲ. ಆಣೆ ಇಲ್ಲ. ತೂಕದ ಮಾತಿಲ್ಲ.
ಟೀ ಇಟ್ಟರೆ ಬಿಸ್ಕತ್ತು ಬರುತ್ತೆ,
ಬಿಸ್ಕತ್ತಿನ ಹಿಂದೆ ಇಡೀ ಪೊಟ್ಟಣ ಬರುತ್ತೆ.
ಅದಕ್ಕೇ ನೀರು ಮಾತ್ರ.
ರುಕ್ಮಾಬಾಯಿ ಟೀಚರು ಎರಡು ವಾರ ಬಂದು ನಿಲ್ಲಿಸಿದರು.
"ದೇವರಿಲ್ಲದೆ ಹೇಗಮ್ಮಾ ಗೆಲ್ಲೋದು?"
ನನ್ನ ಹತ್ತಿರ ಉತ್ತರ ಇರಲಿಲ್ಲ,
ಬೀಗದ ಕೈ ಇತ್ತು.

ಜಬೀವುಲ್ಲಾ ಕಂಡಕ್ಟರು. ಎಚ್ ಕ್ರಾಸಿನಲ್ಲಿ ಬೋಂಡ,
ಚಿಂತಾಮಣಿ ಸ್ಟ್ಯಾಂಡಿನಲ್ಲಿ ಪಫ್ಸು,
ವಾಪಸು ಬರುವಾಗ ಮತ್ತೆ ಅದೇ ಬೋಂಡ.
"ರಂಜಾನಿನಲ್ಲಿ ಹಗಲೆಲ್ಲ ತೊಟ್ಟು ನೀರಿಲ್ಲದೆ ಇರ್ತೀನಿ ಮೇಡಂ,
ಎಂಥಾ ಗಟ್ಟಿ ಮನಸ್ಸು ಅಂತಾರೆ.
ಇಫ್ತಾರ್ ಆದಮೇಲೆ ನನ್ನ ಯಾರೂ ನೋಡಿಲ್ಲ."
ಪಿಳ್ಳಮ್ಮನದು ಮದುವೆ ಅಡುಗೆ.
"ಉಪ್ಪೋ ಸಪ್ಪೆಯೋ ಹೇಳ್ತೀನಿ.
ರುಚಿ ಅನ್ನೋದು ಗೊತ್ತಾಗಿ ಎಷ್ಟು ವರ್ಷ ಆಯ್ತೋ."

ಇವತ್ತು ಹೊಸದಾಗಿ ಬಂದ ಹುಡುಗಿ ಹೆಸರು ಹೇಳಲಿಲ್ಲ,
ತೊಡೆಯ ಮೇಲಿನ ಬ್ಯಾಗು ಕೆಳಗಿಡಲಿಲ್ಲ.
ಒಳಗೆ ಏನೋ ಪರಪರ ಅಂತು.
ಯಾವ ಸದ್ದು ಅಂತ ಎಲ್ಲರಿಗೂ ಗೊತ್ತಾಯಿತು.

ಮುನಿಶಾಮಪ್ಪ, ಹುಳ ಸಾಕುವವನು,
ಅವಳನ್ನು ನೋಡದೆ ಗೋಡೆಗೆ ಹೇಳಿದ:
"ನಾಲ್ಕನೇ ಜ್ವರದಿಂದ ಎದ್ದ ಹುಳ ಏಳು ದಿನ
ಹಗಲು ರಾತ್ರಿ ಮೇಯುತ್ತೆ. ಮನೆಯೊಳಗೇ ಮಳೆ ಬಂದಂಗೆ.
ಆಮೇಲೊಂದಿನ ಸೊಪ್ಪು ಹಾಕಿದ್ರೂ ಮುಟ್ಟಲ್ಲ, ತಲೆ ಎತ್ತುತ್ತೆ.
ಸಾಕು ಅಂತ ಅದಕ್ಕೆ ಯಾರು ಹೇಳ್ತಾರೆ?"

ದೇವರು ಅಂತ ಯಾರಾದರೂ ಅನ್ನಬಹುದಾಗಿದ್ದ ಜಾಗ ಅದು.
ಯಾರೂ ಅನ್ನಲಿಲ್ಲ.
ಪಿಳ್ಳಮ್ಮ ಮೆಲ್ಲಗೆ,
"ಆಮೇಲೆ ತಂದು ಈ ಕೆಳಗಡೆ ಬೇಯಿಸ್ತಾರಲ್ಲಪ್ಪಾ."
ನಕ್ಕೆವು. ಜಬೀವುಲ್ಲಾ ಕಣ್ಣೊರೆಸಿಕೊಳ್ಳುವಷ್ಟು.
ಹುಡುಗಿಯೂ ನಕ್ಕಿರಬೇಕು, ಬ್ಯಾಗು ಇನ್ನೊಮ್ಮೆ ಪರಪರ.

ನನ್ನ ಸರದಿ.
ನಡೆಸುವವಳೇ ಜಾರಿದರೆ ಇವರೆಲ್ಲ ಏನನ್ನು ಹಿಡಿದುಕೊಳ್ಳಬೇಕು
ಅಂತ ಮುಚ್ಚಿಟ್ಟೇ ಬಂದಿದ್ದೆ.
ಆದರೂ ಬಾಯಿ ತೆರೆಯಿತು:
ಭಾನುವಾರ ರಾತ್ರಿ, ಲೈಟು ಹಾಕದೆ,
ಸಿಲಿಂಡರಿನ ಪಕ್ಕ ಕೂತು, ಅರ್ಧ ಕೇಜಿ ಖಾರಾಬೂಂದಿ.
ಎಣ್ಣೆಗಾಗದವನ್ನು ಎಂಟು ಮಡಿಕೆ ಮಾಡಿ
ಪ್ಯಾಡಿನ ಕವರಿನೊಳಗೆ ತುರುಕಿದೆ.
ಅಲ್ಲಿ ಯಾರೂ ಕೈ ಹಾಕುವುದಿಲ್ಲ.
ಒಂಬತ್ತು ತಿಂಗಳು ಆಗಿತ್ತು.

ಪರವಾಗಿಲ್ಲ ಅಂತ ಯಾರೂ ಹೇಳಲಿಲ್ಲ.
ಅದೂ ನಾನೇ ಮಾಡಿದ ನಿಯಮ,
ಈಗ ನನಗೇ ತಗುಲಿತು.
ಮುನಿಶಾಮಪ್ಪ ನನ್ನ ಲೋಟಕ್ಕೆ ನೀರು ಬಗ್ಗಿಸಿದ,
ಅಂಚಿನವರೆಗೂ, ಎತ್ತಿದರೆ ಚೆಲ್ಲುವಂತೆ.
ಹುಡುಗಿ ಮೊದಲ ಸಲ ಮಾತಾಡಿದಳು:
"ಪ್ಯಾಡಿನ ಕವರ್ ನನಗೆ ಹೊಳೆದೇ ಇರಲಿಲ್ಲ ಆಂಟಿ.
ನಾನು ಸ್ಟೆಪ್ನಿ ಟಯರೊಳಗೆ ಇಡ್ತೀನಿ."

ಕುರ್ಚಿ ಒಂದರ ಮೇಲೊಂದು. ಲೋಟ ತೊಳೆದು ಬೋರಲು.
ಕರಿಹಲಗೆ ಹಾಗೇ ಬಿಟ್ಟೆ, ಬೆಳಗಿನ ಮಕ್ಕಳದು.
ಕೆಳಗೆ ಬೀದಿದೀಪದಡಿ ಬೋಂಡದ ಗಾಡಿ,
ಬಾಣಲೆ ಆಗತಾನೇ ಕಾದಿತ್ತು.
ಐದೂ ಜನ ಒಟ್ಟಿಗೆ ದಾಟಿದೆವು,
ಏನೇನೋ ಮಾತಾಡುತ್ತ, ಸ್ವಲ್ಪ ಜೋರಾಗಿಯೇ,
ಬಸ್ ಸ್ಟ್ಯಾಂಡಿನವರೆಗೆ.
ಅಲ್ಲಿಂದ ಮುಂದೆ
ಒಬ್ಬೊಬ್ಬರಿಗೆ ಒಂದೊಂದು ಅಡುಗೆಮನೆ.