ಮೂಗಿಲ್ಲದವರು

ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುತ್ತಾರಲ್ಲ,
ಆರ್ಬ್ರೋತಿನ ಬಂದರುಬೀದಿಯಲ್ಲಿ ಆ ಮಾತಿಗೆ
ಯಾರೂ ತಲೆಯೆತ್ತಿ ನೋಡುವುದಿಲ್ಲ.
ಇಲ್ಲಿ ಹೊಗೆಯೆಂದರೆ ಸಂಬಳ.
ಹಿತ್ತಿಲ ಪೀಪಾಯಿಯಲ್ಲಿ ಬೀಚ್ ಸೌದೆಯ ಕೆಂಡ,
ಬಾಲಕ್ಕೆ ಬಾಲ ಬಿಗಿದ ಹ್ಯಾಡಕ್ ಮೀನು
ಜೋಡಿಜೋಡಿಯಾಗಿ ಕೋಲಿಗೆ ಜೋತು,
ಮೇಲೆ ಒದ್ದೆ ಗೋಣಿತಟ್ಟು.
ಪರದೆಗೆ, ಕೋಟಿಗೆ, ಬೈಬಲ್ಲಿನ ಹಾಳೆಗೂ
ಅದೇ ವಾಸನೆ.

ನಾನು ಏಣಿ ಹೊತ್ತು ಬಂದವಳು.
ಚೀಲದಲ್ಲಿ ಡ್ರಿಲ್ಲು, ಎರಡು ತಿರುಪು, ಪೆನ್ಸಿಲ್ಲಿನ ತುಂಡು,
ಅಂಗೈಯಗಲದ ಒಂದು ಬಿಳಿ ಬಿಲ್ಲೆ.

"ಇನ್ನೊಂದು ಬೊಗಳೋ ನಾಯಿಯೋ?" ಅಂದಳು ಎಫಿ ಕಾರ್ಗಿಲ್,
ಎಂಬತ್ತೊಂದರ ಮುದುಕಿ, ಮೊಣಕೈವರೆಗೆ ಮಡಚಿದ ತೋಳು.
ಹಳೆಯದನ್ನು ತೋರಿಸಿದಳು:
ಚಮಚಗಳ ಡ್ರಾಯರಿನ ತಳದಲ್ಲಿ
ಉಣ್ಣೆಯ ಕಾಲುಚೀಲಕ್ಕೆ ತುರುಕಿದ ಹೊಗೆ ಅಲಾರಂ.
"ಬ್ರೆಡ್ಡು ಕಂದಿದರೂ ತೋಳ ಬಂತು ತೋಳ.
ಹಿತ್ತಿಲ ಬಾಗಿಲು ತೆಗೆದರೂ ತೋಳ.
ಒಂದು ದಿನ ಪೊರಕೆ ತಗೊಂಡು ಬಡಿದೆ.
ಆರು ವರ್ಷವಾಯ್ತು, ಸದ್ದಿಲ್ಲ."

ನಗು ಬಂತು, ನುಂಗಿಕೊಂಡೆ.
"ಇದು ಬೇರೆ ತಳಿ, ಮಿಸೆಸ್ ಕಾರ್ಗಿಲ್.
ಇದಕ್ಕೆ ಮೂಗಿಲ್ಲ, ಬರೀ ಚರ್ಮ.
ಹೊಗೆ ಬಂದು ಕೆನ್ನೆ ಸವರಿದರೂ ಕಣ್ಣು ಬಿಡೋದಿಲ್ಲ.
ಕಾವು ಐವತ್ತೆಂಟು ಡಿಗ್ರಿ ಮುಟ್ಟಿದರೆ ಮಾತ್ರ
ಚೀರುತ್ತೆ. ಇದು ಚೀರಿದರೆ
ಹಜಾರದ್ದು, ಮೆಟ್ಟಿಲ ಮೇಲಿನದ್ದು, ಎಲ್ಲವೂ ಚೀರುತ್ತವೆ,
ಒಂದು ಗೂಡಿಗೆ ಕಲ್ಲು ಬಿದ್ದರೆ
ಇಡೀ ಬಂಡೆಯ ಕಡಲಹಕ್ಕಿ ಎದ್ದ ಹಾಗೆ."

ಅವಳು ಕುರ್ಚಿ ಎಳೆದು ಕೂತಳು.
"ಮೂಗಿಲ್ಲವೇ," ಅಂದಳು.
ಕೆಟಲ್ಲು ಕುದಿದು ತಾನೇ ಆರುವವರೆಗೂ ಸುಮ್ಮನಿದ್ದು,
"ನನಗೂ ಇಲ್ಲ.
ಅರವತ್ತು ವರ್ಷ ಪೀಪಾಯಿಯ ಮೇಲೆ ಬಾಗಿ ಬಾಗಿ
ಹೋಗೇಬಿಟ್ಟಿತು. ಮೂರು ಚಳಿಗಾಲವಾಯ್ತು.
ಹಾಲು ಒಡೆದದ್ದು ಬಾಯಿಗೆ ಹಾಕಿದ ಮೇಲೇ ಗೊತ್ತಾಗೋದು.
ಆ ಕ್ಯಾಲೆಂಡರು ಎತ್ತಿ ನೋಡು."

ಒಲೆಯ ಪಕ್ಕ, ಮಾರ್ಚಿನಲ್ಲೂ ಇನ್ನೂ ನವೆಂಬರ್ ತೋರಿಸುತ್ತಿದ್ದ ಕ್ಯಾಲೆಂಡರು.
ಎತ್ತಿದೆ.
ಅದರ ಹಿಂದೆ ಗೋಡೆಯ ಮೇಲೆ, ನಾಲಗೆಯ ಆಕಾರದ
ಕಪ್ಪು. ತುದಿ ಮೇಲ್ಛಾವಣಿಗೆ ಒಂದು ಗೇಣು ಮಾತ್ರ ಕಡಿಮೆ.

"ಆಲೂಗಡ್ಡೆ ಕರಿಯೋಣವೆಂದು ಎಣ್ಣೆ ಇಟ್ಟಿದ್ದೆ.
ಆಚೆ ಕೋಣೆಯಲ್ಲಿ ಹೆಣೆಯುತ್ತ ಕೂತೆ.
ಕಿಟಕಿಯ ಗಾಜು ಟಪ್ಪೆಂದಿತು, ಮಗುವೊಂದು ಕಲ್ಲೆಸೆಯಿತು ಅಂದುಕೊಂಡು
ಬೈಯಲಿಕ್ಕೆ ಎದ್ದೆ.
ಒದ್ದೆ ಗೋಣಿತಟ್ಟು ಕೈಗೆ ಸಿಕ್ಕಿತು, ಪುಣ್ಯ.
ಮಗಳಿಗೆ ಹೇಳಿಲ್ಲ. ನೀನೂ ಹೇಳಬೇಡ."

ಕ್ಯಾಲೆಂಡರು ಇದ್ದ ಹಾಗೇ ಇಳಿಬಿಟ್ಟೆ.
ಅಳೆದೆ: ಛಾವಣಿಯ ನಡುಮಧ್ಯ, ದೀಪದಿಂದ ಒಂದಡಿ ದೂರ.
ಡ್ರಿಲ್ಲಿನ ಸುಣ್ಣದ ಪುಡಿ ನನ್ನ ಹುಬ್ಬಿಗೆ,
ಅವಳ ಬೆಣ್ಣೆಯ ಬಟ್ಟಲಿಗೆ.
ತಿರುಪು ಎರಡು. ಬಿಲ್ಲೆ ತಿರುಗಿಸಿದೆ, ಕಟಕ್ಕೆಂದಿತು.

ಏಣಿಯ ಮೇಲಿಂದಲೇ ಹೇಳಿದೆ,
ತಿಂಗಳಿಗೊಮ್ಮೆ ಈ ಗುಂಡಿ ಒತ್ತಬೇಕು.
ಆಗಾಗ ಧೂಳು ತೆಗೆಯಬೇಕು, ಮೆತ್ತಗೆ.
ಬಣ್ಣ ಬಳಿಯೋರು ಬಂದರೆ ಇದಕ್ಕೂ ಬಳಿಯದಂತೆ ನೋಡಿಕೊಳ್ಳಿ,
ಚರ್ಮಕ್ಕೆ ಉಸಿರು ಬೇಕು.
ನಡುರಾತ್ರಿ ನಿಮಿಷಕ್ಕೊಮ್ಮೆ ಕಿಚ್ ಅಂದರೆ
ಅದು ಬೆಂಕಿಯಲ್ಲ, ಮುಪ್ಪು. ಫೋನು ಮಾಡಿ.
ಅಂಚಿನಲ್ಲಿ ಅಚ್ಚಾಗಿದೆ: ಎರಡು ಸಾವಿರದ ಮೂವತ್ತೈದರೊಳಗೆ ಬದಲಾಯಿಸಿ.

ಬೆರಳು ಮಡಚಿದಳು. "ತೊಂಬತ್ತೊಂದು.
ಯಾರ ತಾರೀಖು ಮೊದಲೋ ನೋಡೋಣ."

ಆಮೇಲೆ ಎದ್ದು ಮೂಲೆಯ ಪೊರಕೆ ತಂದಳು, ಅದೇ ಪೊರಕೆ,
ತಿರುಗಿಸಿ ಹಿಡಿದು ಹಿಡಿಯ ತುದಿಯಿಂದ
ಗುಂಡಿ ಒತ್ತಿದಳು.
ಮೂರೂ ಒಟ್ಟಿಗೆ ಕಿರುಚಿದವು. ಬೆಕ್ಕು ಮಾಯ.
ಪಕ್ಕದ ಮನೆಯವರು ಗೋಡೆ ಗುದ್ದಿದರು.
ನಾನು ಕಿವಿ ಮುಚ್ಚಿಕೊಂಡೆ. ಎಫಿ ಮುಚ್ಚಲಿಲ್ಲ,
ದೂರದಿಂದ ಯಾರೋ ಹೆಸರು ಹಿಡಿದು ಕರೆದಂತೆ
ಗಲ್ಲವೆತ್ತಿ ಕೇಳುತ್ತ ನಿಂತಳು.
ನಿಂತ ಮೇಲೆ, "ಇನ್ನೊಮ್ಮೆ," ಅಂದಳು.

ಹೊರಡುವಾಗ ಬಿಸಿಬಿಸಿ ಜೋಡಿ ಮೀನು,
ಪತ್ರಿಕೆಯಲ್ಲಿ ಸುತ್ತಿ ಕಂಕುಳಿಗೆ ತುರುಕಿದಳು.

ಮುಂದಿನ ಮನೆಯ ಬಾಗಿಲು ತೆರೆದವನು
ನನ್ನ ಮುಖ ನೋಡಲಿಲ್ಲ, ಗಾಳಿ ಮೂಸಿದ:
"ಏನೋ ಸುಡ್ತಾ ಇದೆಯಲ್ಲಾ?"
"ಊಟ," ಅಂದೆ,
ಏಣಿ ಒಳಗಿಟ್ಟೆ.