ಅಂದಾಜು

ಸಂಕ್ರಾಂತಿಯ ಮಾರನೆಗೆ ಹಿತ್ತಲ ಕಲ್ಲಿನ ಮೇಲೆ
ನೆಂದ ಕಂಬಳಿಯ ಸಮೇತ ಜಾರಿದಳು ಚೆನ್ನಾಜಿ.
ಬಲಗೈ ಮಣಿಕಟ್ಟು. ಆರು ವಾರ ಪಿಂಡಿ ಕಟ್ಟು,
ಅಂದರು ದೊಡ್ಡಾಸ್ಪತ್ರೆಯಲ್ಲಿ.
ಗುತ್ತಲಿನ ನಮ್ಮ ಅಡುಗೆಮನೆ ಅವತ್ತಿನಿಂದ ನನ್ನ ಪಾಲು.

ನಾನು ಸಕ್ಕರೆ ಫ್ಯಾಕ್ಟರಿಯ ತೂಕದ ಮನೆಯವನು.
ಕಬ್ಬಿನ ಲಾರಿ ಬಂದು ನಿಂತರೆ
ಹತ್ತು ಕಿಲೋ ಆಚೀಚೆ ಬಿಡದೆ ಬರೆದವನು
ಇಪ್ಪತ್ತಾರು ವರ್ಷ.
ಉಪ್ಪೆಷ್ಟು, ಕೇಳಿದೆ.
ಅಂದಾಜು, ಅಂದಳು.
ಅಂದಾಜು ಅಂದರೆ ಎಷ್ಟು?
ಅಂದಾಜು ಅಂದ್ರೆ ಅಂದಾಜು ಕಣ್ರೀ,
ಅದಕ್ಕೆಲ್ಲಿ ತಕ್ಕಡಿ.

ಇಬ್ಬನಿ ಇನ್ನೂ ಸುರಿಯುತ್ತಿದ್ದ ವಾರಗಳು.
ಪೇಟೆ ಬೀದಿಯ ಗೋಣಿತಾಟಿನ ಮೇಲೆ ಅವರೆಕಾಯಿ ರಾಶಿ,
ಮುಟ್ಟಿದ ಬೆರಳಿಗೆ ರಾತ್ರಿಯವರೆಗೂ ಸೊಗಡು.
ಕಾಳು ನೆನೆಸಿ ಹಿತುಕಲು ಕೂತೆವು,
ನನಗೆರಡು ಕೈ, ಅವಳಿಗೆ ಎಡಗೈ ಒಂದೇ.
ನಾನು ಒತ್ತಿದ್ದೆಲ್ಲ ಜಜ್ಜಿಹೋಯಿತು.
ಅವಳು ಒತ್ತಿದ್ದು ಚಿಮ್ಮಿ ಚಿಮ್ಮಿ
ಕ್ಯಾಲೆಂಡರಿಗೆ, ಬಾಗಿಲ ಸಂದಿಗೆ, ಒಂದು ನನ್ನ ಕಿವಿಗೆ.
ನಕ್ಕಳು. ನಗಿಸಬೇಡಿ ಕೈ ನೋಯುತ್ತೆ ಅಂತ ಬೈದಳು.
ಆ ರಾತ್ರಿ ಸಾರಿಗೆ ಮೆಣಸು ಹೆಚ್ಚಾಗಿ
ಮೂಗು ಒರೆಸಿಕೊಂಡು ಉಂಡೆವು.
ಚಳಿಗೆ ಇದೇ ಸರಿ, ಅಂದಳು,
ನನ್ನ ಮುಖ ನೋಡಿಯೋ, ನಿಜಕ್ಕೋ.

ಗೋಡೆಗೊರಗಿ ಅವಳು ಹೇಳುವುದು, ನಾನು ಮಾಡುವುದು.
ಹುರುಳಿಗೆ ಸೊಪ್ಪು ಹಾಕಿ ಬೇಯಿಸಿ ಕಟ್ಟು ಬಸಿದುಕೊಳ್ಳಿ,
ಕಾರಕ್ಕೆ ಬೆಳ್ಳುಳ್ಳಿ ಸಿಪ್ಪೆ ಸಮೇತ ಸುಡಿ.
ಕಾಳು ಬೆಂದದ್ದು ಹೇಗೆ ಗೊತ್ತಾಗುತ್ತೆ?
ವಾಸನೆ ಬದಲಾಗುತ್ತೆ.
ಯಾವ ವಾಸನೆಯಿಂದ ಯಾವ ವಾಸನೆಗೆ?
ಅಯ್ಯೋ, ಮುಚ್ಚಳ ತೆಗೀರಿ ಮೊದಲು, ತಳ ಹತ್ತುತಿದೆ.

ಚಳಿ ಯಾವತ್ತು ಹೋಯಿತೆಂದು ನಾನು ಬರೆದಿಟ್ಟಿಲ್ಲ.
ಒಂದು ಬೆಳಿಗ್ಗೆ ಅವರೆಯ ಸಿಪ್ಪೆ ದಪ್ಪ, ಪರಿಮಳವೇ ಇಲ್ಲ.
ಇಬ್ಬನಿ ನಿಂತ್ಮೇಲೆ ಇನ್ನೆಲ್ಲಿ ಸೊಗಡು ಬುದ್ದಿ,
ಅಂತ ಮಾರುವ ಪುಟ್ಟನರಸಮ್ಮ ಬೆಲೆ ಇಳಿಸಿದಳು.
ಮನೆಗೆ ಬಂದರೆ ಚೆನ್ನಾಜಿ ಮೊಸರಿನ ಗಡಿಗೆ ಬಗ್ಗಿಸಿ ನೋಡುತ್ತಿದ್ದಾಳೆ:
ಹೋದ ತಿಂಗಳು ಕಂಬಳಿ ತುಂಡು ಸುತ್ತಿಟ್ಟರೂ ಹೆಪ್ಪಾಗಲು ಸತಾಯಿಸಿದ್ದು
ಈಗ ಕೋಳಿ ಕೂಗುವ ಮೊದಲೇ ಗಟ್ಟಿ, ಮೇಲೆ ನೀರು.
ಇವತ್ತಿಂದ ಮೆಣಸು ಕಮ್ಮಿ ಮಾಡಿ, ಅಂದಳು.

ಕಮ್ಮಿ ಮಾಡಿದೆ. ಎಷ್ಟೆಂದು ಕೇಳಲಿಲ್ಲ.

ಗಾಡಿ ತೂಗಲು ಬಂದ ಕೀಲಾರದ ಬೋರೇಗೌಡರು
ಟವೆಲಿನಲ್ಲಿ ಕಟ್ಟಿ ತಂದುಕೊಟ್ಟರು ಹುಣಸೆ ಚಿಗುರು,
ಎಳೆಗೆಂಪು, ಅಂಗೈಯಲ್ಲಿ ಇದೆಯೋ ಇಲ್ಲವೋ ಎಂಬಷ್ಟು ಹಗುರ.
ಇದಕ್ಕೆ ಚೀಟಿ ಬೇಡವೇ, ಅಂತ ನಗಾಡಿದರು.
ತೊಗರಿಬೇಳೆ ಜೊತೆ ಬೇಯಿಸಿ ಒಗ್ಗರಣೆ ಕೊಟ್ಟೆ.
ಹುಳಿಗೆ ಅವಳ ಕಣ್ಣು ಚಿಕ್ಕದಾಯಿತು.
ಇನ್ನೊಂದು ಸೌಟು, ಅಂದಳು.

ಶಿವರಾತ್ರಿ ಕಳೆದ ಸೋಮವಾರ ಪಿಂಡಿ ಕತ್ತರಿಸಿದರು.
ಒಳಗಿಂದ ಬಂದ ಕೈ ಬೆಳ್ಳಗೆ, ಸುಕ್ಕಾಗಿ, ತೇವವಾಗಿ,
ಸಿಪ್ಪೆ ಕಳಚಿದ ಅವರೆಬೇಳೆ.
ಒತ್ತಿದರೆ ಚಿಮ್ಮಿಬಿಡುತ್ತೇನೋ ಎಂದು
ಹಗುರಾಗಿ ಹಿಡಿದುಕೊಂಡೇ ಆಟೋ ಹತ್ತಿಸಿದೆ.
ದಾರಿಯುದ್ದಕ್ಕೂ ಹೊಂಗೆ ಎಲೆ ಉದುರಿಸುತ್ತಲೇ ಚಿಗುರುತ್ತಿತ್ತು.

ಮಧ್ಯಾಹ್ನ ಒಲೆ ಹೆಚ್ಚು ಹೊತ್ತು ಉರಿಸಲಿಲ್ಲ.
ಅನ್ನ, ನೀರು ಮಜ್ಜಿಗೆ, ಹೆಸರುಬೇಳೆ ಕೋಸಂಬರಿ,
ಅದಕ್ಕೆ ವರ್ಷದ ಮೊದಲ ಮಾವಿನಕಾಯಿ ತುರಿದು.
ಒಂದು ತುತ್ತು ಬಾಯಿಗಿಟ್ಟು ಕೇಳಿದಳು,
ಉಪ್ಪು ಎಷ್ಟು ಹಾಕಿದ್ರಿ?
ನಾನು ಸುಮ್ಮನೆ ಕೈ ತೋರಿಸಿದೆ, ಐದೂ ಬೆರಳು.
ಸ್ವಲ್ಪ ಸಾಲದು, ಅಂತ
ತಾನೇ ಚಿಟಿಕೆ ಉದುರಿಸಿಕೊಂಡಳು,
ಬಲಗೈಯಲ್ಲಿ, ನಡುಗುತ್ತ,
ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ.

ಮುದ್ದೆ ತಿರುವಲು ಮಣಿಕಟ್ಟಿಗೆ ಇನ್ನೂ ಕಸುವಿಲ್ಲ.
ಕೋಲು ನನ್ನ ಕೈಯಲ್ಲೇ ಇದೆ.
ಗಂಟಾಗುತ್ತದೆ, ದಿನಾಲೂ ಗಂಟಾಗುತ್ತದೆ.
ಮುದ್ದೆ ನುಂಗೋದು ತಾನೆ, ಅಗಿಯೋದಲ್ಲವಲ್ಲ, ಅಂತ
ಸಾರಿನಲ್ಲಿ ಅದ್ದಿ ನುಂಗುತ್ತಾಳೆ.